ಪುಟ್ಟಿಯ ಸೊರೊರಿಟಿ ಕಾಗದ: ‘ಅಜ್ಜಿಮನೆ ಬಳಗ’ ಗುಂಪಿನಲ್ಲಿ

ಪುಟ್ಟಿ: [ಫೋಟೋ: ಶುಲ್ಕದ ಪಟ್ಟಿ]
ಅಪ್ಪ, ಸೊರೊರಿಟಿಗೆ, ಅಂದ್ರೆ ಇಲ್ಲಿನ ಕಾಲೇಜು ಹುಡುಗಿಯರ ಸಂಘಕ್ಕೆ ಸೇರೋ ಆಯ್ಕೆಯ ಕೊನೇ ಸುತ್ತು ನಾಡಿದ್ದು, ‘ಪ್ರಿಫರೆನ್ಸ್ ರೌಂಡ್’. ಎರಡು ಮನೆ (ಸಂಘಕ್ಕೆ ಹಾಗಂತಾರೆ) ಉಳಿದಿವೆ. ನಂಗೆ ಮೊದಲನೇದೇ ಬೇಕು, ಅದೊಂದನ್ನೇ ಬರೀಲಾ? ಹಣದ ಫಾರ್ಮಿಗೆ ನಿನ್ನ ಸಹಿನೂ ಬೇಕಂತೆ.

ದೊಡ್ಡಪ್ಪ (ಮೈಸೂರು): ಬೇಡಮ್ಮ. ಇಲ್ಲಿ 2009ರ ಯುಜಿಸಿ ನಿಯಮದ ಪ್ರಕಾರ ರ‍್ಯಾಗಿಂಗ್ ಮಾಡಲ್ಲ ಅಂತ ಹುಡುಗರೂ ಹೆತ್ತವರೂ ಮುಚ್ಚಳಿಕೆ ಬರೆದುಕೊಡಬೇಕು. ಅಲ್ಲಿ ಅಂಥದ್ದಕ್ಕೇ ನಾವು ದುಡ್ಡು ಕಟ್ಟಿ ಮಗೂನ ಕಳಿಸಬೇಕಾ? 2017ರಲ್ಲಿ ಅಮೆರಿಕದ ಪೆನ್ ಸ್ಟೇಟ್ ಕ್ಯಾಂಪಸ್‌ನಲ್ಲಿ ಇಂಥದೇ ಸಂಘಕ್ಕೆ ಸೇರೋಕೆ ಹೋದ 19 ವರ್ಷದ ಹುಡುಗನಿಗೆ ಕುಡಿಸಿದ್ರು, ನೆಲಮಾಳಿಗೆ ಮೆಟ್ಟಿಲಿಂದ ಬಿದ್ದ. ಸುಮಾರು 12 ಗಂಟೆ ಒಬ್ಬರೂ ಆಂಬುಲೆನ್ಸ್ ಕರೀಲಿಲ್ಲ. ಹುಡುಗ ಹೋಗಿಬಿಟ್ಟ.

ಚಿಕ್ಕಪ್ಪ (ಡಲ್ಲಾಸ್, ಪುಟ್ಟಿಯ ಅಪ್ಪ): ಅಣ್ಣ, ಅದು ಫ್ರಟರ್ನಿಟಿ, ಹುಡುಗರದ್ದು. ಇದು ಹೆಣ್ಣುಮಕ್ಕಳದ್ದು. ಅಷ್ಟು ದೊಡ್ಡ ಕ್ಯಾಂಪಸ್‌ನಲ್ಲಿ ನಾಲ್ಕು ಜನ ಪರಿಚಯ ಆಗ್ತಾರೆ, ನಾಳೆ ಕೆಲಸಕ್ಕೂ ದಾರಿ ಆಗುತ್ತೆ.

ಅಕ್ಕ (ಆಸ್ಟಿನ್): ದೊಡ್ಡ ಮಾವ, ನೀವು ಹೆದರೋದು ಸರಿ. ಚಿಕ್ಕ ಮಾವ, ‘ಹೆಣ್ಣುಮಕ್ಕಳದ್ದು’ ಅಂದ್ಕೊಂಡು ಸುಮ್ಮನಾಗಬೇಡಿ. ಪುಟ್ಟಿ ಹೋಗಿರೋದು ಪ್ಯಾನ್‌ಹೆಲೆನಿಕ್ ಸೊರೊರಿಟಿಗಳಿಗೆ, ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಸಂಘಗಳ ಕೂಟ ಅದು. ಅವರ ಮನೆಯೊಳಗೆ ಮದ್ಯ ನಿಷೇಧ. ಅದಕ್ಕೇ ಪಾರ್ಟಿ ನಡೆಯೋದು ಫ್ರಟರ್ನಿಟಿ ಮನೆಗಳಲ್ಲಿ. ಸೊರೊರಿಟಿ ಹುಡುಗಿಗೆ ಅಪಾಯ ಇರೋದು ತನ್ನ ಮನೆಗಿಂತ ಹೆಚ್ಚಾಗಿ ಅಲ್ಲಿ.

ಅಕ್ಕ: ಪುಟ್ಟಿ, ಮೊದಲು ನಿನ್ನ ಪ್ರಶ್ನೆ. ಒಂದೇ ಹೆಸರು ಬರೀಬೇಡ. ಕೊನೇ ರೌಂಡ್ ಮುಗಿದ ಮೇಲೆ ಸಹಿ ಹಾಕೋ ಒಪ್ಪಂದಕ್ಕೆ ಎಂಆರ್‌ಎಬಿಎ ಅಂತಾರೆ. ಎರಡೂ ಮನೇನ ಇಷ್ಟದ ಕ್ರಮದಲ್ಲಿ ಬರೆದ್ರೆ ಒಂದಾದ್ರೂ ಸಿಗೋ ಸಾಧ್ಯತೆ ತುಂಬಾ ಹೆಚ್ಚು. ಒಂದನ್ನೇ ಬರೆದು ಆ ಮನೆಯ ಕೋಟಾ ತುಂಬಿಹೋಯ್ತು ಅಂದ್ರೆ ಬರಿಗೈ.

ಆದ್ರೆ ಎರಡನೇದು ಬೇಡವೇ ಬೇಡ ಅನ್ಸಿದ್ರೆ ಅದನ್ನ ಬರೀಲೂಬೇಡ. ಬರೆದ ಮನೆಯಿಂದ ಬಿಡ್ (ಸೇರೋಕೆ ಆಹ್ವಾನ) ಬಂದು ನೀನು ಒಲ್ಲೆ ಅಂದ್ರೆ, ಮುಂದಿನ ವರ್ಷದ ರಿಕ್ರೂಟ್‌ಮೆಂಟ್‌ವರೆಗೂ ಆ ಕ್ಯಾಂಪಸ್‌ನ ಬೇರೆ ಯಾವ ಪ್ಯಾನ್‌ಹೆಲೆನಿಕ್ ಮನೆಗೂ ಸೇರೋ ಹಾಗಿಲ್ಲ. ಸಹಿನೇ ಹಾಕದೆ ಎದ್ದು ಬಂದ್ರೆ ಆ ಕಟ್ಟು ಇರಲ್ಲ. ಆಮೇಲೆ ಜಾಗ ಉಳಿದ ಮನೆಯವರು ನೇರವಾಗಿ ಕರೀಬಹುದು, ಅದಕ್ಕೆ ಓಪನ್ ಬಿಡ್ಡಿಂಗ್ ಅಂತಾರೆ.

ಪುಟ್ಟಿ: ಸೇರಿದ ಮೇಲೆ ಇಷ್ಟ ಆಗ್ಲಿಲ್ಲ ಅಂದ್ರೆ ಬೇರೆ ಮನೆಗೆ ಹೋಗ್ಬಹುದಲ್ವಾ ಅಕ್ಕ?

ಅಕ್ಕ: ಇಲ್ಲ. ಇನಿಷಿಯೇಷನ್, ಅಂದ್ರೆ ಪೂರ್ಣ ಸದಸ್ಯತ್ವದ ದೀಕ್ಷೆ ಆದ ಮೇಲೆ ಆ ಕೂಟದ ಬೇರೆ ಯಾವ ಸಂಘಕ್ಕೂ ಜೀವನಪೂರ್ತಿ ಸೇರಕ್ಕಾಗಲ್ಲ. ಕ್ಯಾಂಪಸ್ ಬದಲಾಯಿಸಿದ್ರೂ ಅಷ್ಟೇ. ಬಿಡೋದಾದ್ರೆ ಹೊಸ ಸದಸ್ಯರಾಗಿರೋ ಆ ಕೆಲವು ವಾರಗಳಲ್ಲೇ ಬಿಡಬೇಕು.

ಮಾವ (ಶಿಕಾಗೋ, ಅಕ್ಕನ ಅಪ್ಪ): ಇಷ್ಟೆಲ್ಲ ರಗಳೆ ಯಾಕೆ? ನಮ್ಮವರದ್ದೇ ಸೊರೊರಿಟಿಗಳು ಇವೆಯಲ್ಲ. ಕಪ್ಪ ಫೈ ಗಾಮಾ 1998ರಲ್ಲಿ ಆಸ್ಟಿನ್‌ನಲ್ಲೇ ಶುರುವಾದದ್ದು, ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗೆ ಅಂತ. ಇಂಥವುಗಳಲ್ಲಿ ಜನ ಕಮ್ಮಿ, ಸಾಮಾನ್ಯವಾಗಿ ದೊಡ್ಡ ಬಂಗಲೆ ಇರಲ್ಲ, ಹಾಗಾಗಿ ಖರ್ಚೂ ಕಮ್ಮಿ. ನಮ್ಮ ಮಕ್ಕಳ ಮಧ್ಯೆ ಇದ್ದಂಗೂ ಆಗುತ್ತೆ.

ಅಕ್ಕ: ಖರ್ಚಿನ ಮಾತು ನಿಜ ಅಪ್ಪ, ಪುಟ್ಟಿ ಅದನ್ನೂ ನೋಡ್ಲಿ. ನಮ್ಮವರು ಅಂದ ಮಾತ್ರಕ್ಕೆ ಸುರಕ್ಷಿತ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. 2013ರಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಹುಡುಗ ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟದಲ್ಲಿ ಸತ್ತದ್ದು ಏಷ್ಯನ್ ಅಮೆರಿಕನ್ ಫ್ರಟರ್ನಿಟಿಯ ಆಚರಣೆಯಲ್ಲಿ. ಕೋರ್ಟು ಆ ಸಂಘವನ್ನ ಪೆನ್ಸಿಲ್ವೇನಿಯಾದಿಂದಲೇ 10 ವರ್ಷ ಹೊರಗಿಟ್ಟಿತು. ಸಂಘ ಚಿಕ್ಕದಾದಷ್ಟೂ ‘ನಮ್ಮ ಮನೆ ಮಾತು ಹೊರಗೆ ಹೋಗಬಾರದು’ ಅನ್ನೋ ಒತ್ತಡ ಜಾಸ್ತಿ.

ದೊಡ್ಡಪ್ಪ: ಹಾಗಾದ್ರೆ ಯಾವ ಮನೆ ಹೇಗೆ ಅಂತ ಹೊರಗಿನವರಿಗೆ ತಿಳಿಯೋದು ಹೇಗೆ?

ಅಕ್ಕ: 2024ರ ಡಿಸೆಂಬರ್‌ನಲ್ಲಿ ಸ್ಟಾಪ್ ಕ್ಯಾಂಪಸ್ ಹೇಝಿಂಗ್ ಆ್ಯಕ್ಟ್ ಬಂತು ದೊಡ್ಡ ಮಾವ. ಹೇಝಿಂಗ್ ಅಂದ್ರೆ ಇಲ್ಲಿನ ರ‍್ಯಾಗಿಂಗ್. ಯಾವ ಸಂಘ, ಏನು ಮಾಡಿತು, ಯಾವ ದಿನಾಂಕ, ಇದನ್ನ ವಿಶ್ವವಿದ್ಯಾಲಯ ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು, ವರ್ಷಕ್ಕೆರಡು ಸಲ ಪರಿಷ್ಕರಿಸಬೇಕು. ಪುಟ್ಟಿ, ಕಾಲೇಜಿನ ಹೆಸರಿನ ಜೊತೆ ‘ಹೇಝಿಂಗ್ ಟ್ರಾನ್ಸ್‌ಪರೆನ್ಸಿ ರಿಪೋರ್ಟ್’ ಅಂತ ಹುಡುಕು. ಓದುವಾಗ ಒಂದು ನೆನಪಿರ್ಲಿ: ತಪ್ಪು ಸಾಬೀತಾದ ಪ್ರಕರಣ ಮಾತ್ರ ಅಲ್ಲಿ ಬರುತ್ತೆ. ವಿಚಾರಣೆಯಲ್ಲಿರೋದು ಬರಲ್ಲ. ಮಾನ್ಯತೆ ಕಳೆದುಕೊಂಡು ಕದ್ದುಮುಚ್ಚಿ ನಡೆಯೋ ಮನೆಗಳದ್ದೂ ಸಿಗದೇ ಇರಬಹುದು. ಪಟ್ಟಿ ಖಾಲಿ ಇದ್ರೆ ಮನೆ ಚೊಕ್ಕ ಅಂತ ತಿಳ್ಕೋಬೇಡ.

ಹೇಝಿಂಗ್ ಅಂದ್ರೆ ಹೊಡೆಯೋದು, ಕುಡಿಸೋದು ಮಾತ್ರ ಅಲ್ಲ. ರಾತ್ರಿ ನಿದ್ದೆಗೆಡಿಸೋದು, ಸೀನಿಯರ್‌ಗಳ ಬಟ್ಟೆ ಒಗೆಸೋದು, ನಡುರಾತ್ರಿ ಎಬ್ಬಿಸಿ ಕಾರು ಓಡಿಸುವಂತೆ ಮಾಡೋದು, ಇವುಗಳಿಂದಲೂ ಹೇಝಿಂಗ್ ಶುರುವಾಗುತ್ತೆ. ‘ನೀನೇ ಒಪ್ಪಿದ್ದೆಯಲ್ಲ’ ಅನ್ನೋ ಮಾತು ಆ ಕಾನೂನಿನ ಮುಂದೆ ನಿಲ್ಲಲ್ಲ. ಹುಡುಗಿ ಒಪ್ಪಿದ್ರೂ ಅದು ಹೇಝಿಂಗೇ.

ಮಾವ: ದುಡ್ಡಿನ ಪಟ್ಟಿ ನೋಡಿದೆ. ಮೊದಲ ಸೆಮಿಸ್ಟರ್ 1,640 ಡಾಲರ್, ಆಮೇಲೆ ಸೆಮಿಸ್ಟರಿಗೆ 1,120. ಎಂಟು ಸೆಮಿಸ್ಟರಿಗೆ 9,480 ಆಯ್ತು. ಬ್ಯಾಡ್ಜು, ಇನಿಷಿಯೇಷನ್ ಶುಲ್ಕ ಮೊದಲ ಸಲದ್ದರಲ್ಲೇ ಸೇರಿವೆ. ಕಾಣದೇ ಇರೋದು ಟೀ ಶರ್ಟು, ಫಾರ್ಮಲ್ ಡಿನ್ನರ್ ಟಿಕೆಟ್ಟು, ‘ಲಿಟಲ್’ಗೆ (ತಂಗಿಯಂತೆ ನೋಡ್ಕೋಬೇಕಾದ ಹೊಸ ಸದಸ್ಯೆಗೆ) ಕೊಡೋ ಉಡುಗೊರೆ, ಮೀಟಿಂಗ್ ತಪ್ಪಿಸಿದ್ರೆ ದಂಡ. ದಂಡದ ಪಟ್ಟಿ ಬೇರೆ ಕಾಗದದಲ್ಲಿರುತ್ತೆ, ಕೇಳಿ ಇಸ್ಕೊಳ್ಳಿ.

ಅಕ್ಕ: ಅದಕ್ಕಿಂತ ಮುಖ್ಯವಾದ ಸಾಲು ಕೆಳಗಿದೆ, ‘ಲಿವ್ ಇನ್’. ಎರಡನೇ ವರ್ಷ ಆ ಮನೆಯಲ್ಲೇ ವಾಸ ಇರಬೇಕು ಅಂತ. ಎಡವಟ್ಟಾಗೋದು ಇಲ್ಲೇ. ಕಾಲೇಜು ಊರುಗಳಲ್ಲಿ ಮುಂದಿನ ಆಗಸ್ಟ್‌ನ ಅಪಾರ್ಟ್‌ಮೆಂಟಿಗೆ ಅಕ್ಟೋಬರ್, ನವೆಂಬರ್‌ನಲ್ಲೇ ಹುಡುಗರು ಲೀಸ್ ಮಾಡ್ಕೊಂಡುಬಿಡ್ತಾರೆ. ಆಮೇಲೆ ಸೊರೊರಿಟಿ ಮನೆಗೂ ಬಾಡಿಗೆ ಕಟ್ಟಬೇಕಾಗಿ ಬಂದು ಎರಡು ಕಡೆ ತೆರ್ತಾರೆ. ಮನೆ ಕರಾರು ಸದಸ್ಯತ್ವದಿಂದ ಬೇರೆ. ಸೊರೊರಿಟಿ ಬಿಟ್ರೂ ಆ ಶೈಕ್ಷಣಿಕ ವರ್ಷದ ಬಾಡಿಗೆ ತಪ್ಪದೇ ಇರಬಹುದು.

ಚಿಕ್ಕಪ್ಪ: ಇದು ನಂಗೆ ಗೊತ್ತಿರ್ಲಿಲ್ಲ. ಅಪಾರ್ಟ್‌ಮೆಂಟ್ ನೋಡೋಣ ಅಂತ ಅವಳ ರೂಮ್‌ಮೇಟ್ ಆಗ್ಲೇ ಹೇಳ್ತಿದ್ದಾಳೆ.

ಮಾವ: ವಿಮೆ ವಿಷಯ ಯಾರೂ ಎತ್ತಲಿಲ್ಲ. ಸಂಘದ ವಿಮೆ ಇರೋದು ಅವರ ನಿಯಮ ಪಾಲಿಸಿದ್ದಾಗ. 21 ತುಂಬದವರಿಗೆ ಮದ್ಯ ಕೊಟ್ರು, ಅನಾಹುತ ಆಯ್ತು ಅಂದ್ರೆ ವಿಮೆ ಕೈತೊಳ್ಕೋಬಹುದು, ದಾವೆ ಹುಡುಗರ ಹೆಸರಲ್ಲೇ ಬೀಳುತ್ತೆ. ಆಗ ಅಪ್ಪ ಅಮ್ಮನ ಮನೆ ವಿಮೆವರೆಗೂ ಎಳೀತಾರೆ. ಅವಳು ಯಾವ ಸಮಿತಿಯಲ್ಲೂ ಪಾರ್ಟಿಯ ಹೊಣೆ ಹೊರೋದು ಬೇಡ.

ದೊಡ್ಡಪ್ಪ: ನಾನು ಈಗಲೂ ಬೇಡ ಅಂತಲೇ ಹೇಳೋದು. ಆದ್ರೆ ಹೋಗೋದೇ ಆದ್ರೆ, ಪೆನ್ ಸ್ಟೇಟ್ ಹುಡುಗನಿಗೆ ಆದದ್ದು ಇವಳ ಕಣ್ಣೆದುರು ಆದಾಗ ಏನು ಮಾಡಬೇಕು ಅಂತ ಯಾರಾದ್ರೂ ಹೇಳಿಕೊಡಿ.

ಅಕ್ಕ: ಪುಟ್ಟಿ, ಕುಡಿದು ಬಿದ್ದವರನ್ನ ‘ಮಲಗಿದ್ರೆ ಸರಿಹೋಗುತ್ತೆ’ ಅಂತ ಬಿಟ್ಟು ಹೋಗ್ಬೇಡ. ಕುಡಿಯೋದು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿರೋದು ರಕ್ತಕ್ಕೆ ಏರ್ತಾನೇ ಇರುತ್ತೆ. ಎಬ್ಬಿಸಿದ್ರೂ ಏಳ್ತಿಲ್ಲ, ನಿಮಿಷಕ್ಕೆ 8ಕ್ಕಿಂತ ಕಮ್ಮಿ ಉಸಿರು, ಎರಡು ಉಸಿರಿನ ಮಧ್ಯೆ 10 ಸೆಕೆಂಡೋ ಹೆಚ್ಚೋ ಅಂತರ, ತುಟಿ ನೀಲಿ, ಇದರಲ್ಲಿ ಯಾವುದೊಂದು ಕಂಡ್ರೂ ತುರ್ತು ಸಹಾಯಕ್ಕೆ 911 ಒತ್ತು. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸು, ವಾಂತಿ ಉಸಿರುಕೊಳವೆಗೆ ಇಳೀಬಾರದು. ಕಾಫಿ, ತಣ್ಣೀರು ಸ್ನಾನ ಬೇಡ. ಬಹಳಷ್ಟು ರಾಜ್ಯಗಳಲ್ಲಿ ಸಹಾಯಕ್ಕೆ ಫೋನ್ ಮಾಡಿ ಜೊತೆಗೇ ನಿಂತವರ ಮೇಲೆ ಕುಡಿತದ ಕೇಸ್ ಹಾಕಲ್ಲ. ನಿಮ್ಮ ರಾಜ್ಯದ್ದು ಇವತ್ತೇ ಓದಿಟ್ಕೋ.

ಪುಟ್ಟಿ: ಸರಿ ಅಕ್ಕ. ಎರಡನೇ ಮನೆಯವರೂ ಒಳ್ಳೆಯವರೇ, ಎರಡೂ ಹೆಸರು ಬರೀತೀನಿ. ರಿಪೋರ್ಟ್ ಹುಡುಕಿ ಇಲ್ಲೇ ಹಾಕ್ತೀನಿ ದೊಡ್ಡಪ್ಪ, ನೀವೂ ಓದಿ.

ಚಿಕ್ಕಪ್ಪ: ಎರಡೂ ಮನೆಯ ವಾಸದ ಕರಾರು, ದಂಡದ ಪಟ್ಟಿ ನಾಳೆ ಸಂಜೆಯೊಳಗೆ ತರಿಸ್ಕೋ ಪುಟ್ಟಿ. ಅವು ಓದೋವರೆಗೂ ನಾನು ಸಹಿ ಹಾಕಲ್ಲ. ರೂಮ್‌ಮೇಟ್‌ಗೂ ಹೇಳು, ಲೀಸ್‌ಗೆ ಈಗಲೇ ಹೂಂ ಅನ್ನೋದು ಬೇಡ.

ಪುಟ್ಟಿ: ಈಗಲೇ ಮೇಲ್ ಹಾಕಿದೆ ಅಪ್ಪ.