ಎರರ್ ಬಂದ ಜಾಗವೇ ತಪ್ಪು ತೋರಿಸುತ್ತಿದೆ: ಸಾಲು, ಕಾಲಂ ಲೆಕ್ಕ ಇಡುವುದು ಹೇಗೆ?

ಪ್ರಶ್ನೆ (ತುಮಕೂರು, ಇಂಜಿನಿಯರಿಂಗ್ ಕೊನೆಯ ವರ್ಷ)

ಅಕ್ಕಾ, ನಮಸ್ಕಾರ. ಕನ್ನಡದಲ್ಲೇ ಪ್ರೋಗ್ರಾಂ ಬರೆಯಲು ಆಗುವಂಥ ಒಂದು ಪುಟ್ಟ ಭಾಷೆ ನಮ್ಮ ಪ್ರಾಜೆಕ್ಟ್. ಕೋಡನ್ನು ಟೋಕನ್ ಅನ್ನುವ ಪುಟ್ಟ ತುಂಡುಗಳಾಗಿ ಒಡೆಯುವ ಲೆಕ್ಸರ್, ಆ ತುಂಡುಗಳು ನಿಯಮದಂತೆ ಜೋಡಿಸಿವೆಯಾ ಅಂತ ನೋಡುವ ಪಾರ್ಸರ್, ಎರಡನ್ನೂ ಪೈಥಾನ್‌ನಲ್ಲಿ ನಾವೇ ಬರೆದಿದ್ದೇವೆ. ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ, ತೊಂದರೆ ಇರುವುದು ಎರರ್ ತೋರಿಸುವ ಕಡೆ. ಈ ಸಾಲು ನೋಡಿ:

ಬರೆ "ತುಮಕೂರು" + ಮೊತ

ಕೊನೆಗೆ ಮೊತ್ತ ಅಂತ ಇರಬೇಕಿತ್ತು, ಒತ್ತು ಬಿಟ್ಟುಹೋಗಿದೆ. ಇದು ಫೈಲಿನ 23ನೇ ಸಾಲು. ನಮ್ಮ ಪ್ರೋಗ್ರಾಂ ಮಾತ್ರ 19ನೇ ಸಾಲು, 37ನೇ ಕಾಲಂ ಅನ್ನುತ್ತದೆ. ಎಡಿಟರ್‌ನಲ್ಲಿ ಕರ್ಸರ್ ಅಲ್ಲಿಟ್ಟರೆ ಕಾಲಂ 17 ಅಂತ ಬರುತ್ತದೆ. ನಮ್ಮ ಟೀಮಿನ ಹುಡುಗಿ ಪರದೆ ಮೇಲೆ ಬೆರಳಿಟ್ಟು ಎಣಿಸಿದಳು, ಅವಳಿಗೆ 13 ಬಂತು. ಯಾವುದು ಸರಿ? ಫೈಲನ್ನು ಬೈನರಿ ಮೋಡ್‌ನಲ್ಲಿ ಓದುತ್ತೇವೆ. ಒಂದೊಂದು ಹೆಜ್ಜೆಗೂ ಕಾಲಂ ಒಂದು ಏರಿಸುತ್ತೇವೆ, ನ್ಯೂಲೈನ್ ಟೋಕನ್ ಸಿಕ್ಕರೆ ಸಾಲು ಒಂದು ಏರಿಸಿ ಕಾಲಂ ಅನ್ನು ಮತ್ತೆ 1 ಮಾಡುತ್ತೇವೆ. ಮುಂದಿನ ವಾರ ರಿವ್ಯೂ ಇದೆ ಅಕ್ಕಾ.

ಉತ್ತರ

ಮೂರೂ ಸರಿ ತಮ್ಮಾ. ಮೂರು ಕಡೆ ಎಣಿಸಿದ ವಸ್ತು ಬೇರೆ ಬೇರೆ, ಅಷ್ಟೇ.

"ಬರೆ" ಅನ್ನುವ ಪದ ತಗೋ. ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಮೂರು: ಬ, ರ, ಆಮೇಲೆ ಎತ್ವ. ಚಿಹ್ನೆಗಳನ್ನು ಬೈಟ್‌ಗಳಾಗಿ ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು, ಹಾಗಾಗಿ 9 ಬೈಟ್. "ತುಮಕೂರು" ಕಣ್ಣಿಗೆ 4, ಯೂನಿಕೋಡ್‌ಗೆ 7, ಬೈಟ್ ಲೆಕ್ಕಕ್ಕೆ 21. ಸ್ಪೇಸ್, ಕೋಟ್, ಪ್ಲಸ್ ಇವೆಲ್ಲ ಯಾವ ಲೆಕ್ಕದಲ್ಲೂ ಒಂದೊಂದೇ. ಈಗ ಕೂಡಿಸಿ ನೋಡು. "ಮೊತ" ಶುರುವಾಗುವ ಮೊದಲು 36 ಬೈಟ್, 16 ಚಿಹ್ನೆ, ಕಣ್ಣಿಗೆ ಕಾಣುವ 12 ಅಕ್ಷರ ಇವೆ. ಒಂದರಿಂದ ಎಣಿಸಿದರೆ 37, 17, 13. ನೀನು ಬೈನರಿಯಲ್ಲಿ ಓದಿದ್ದಕ್ಕೆ ನಿನಗೆ 37 ಬಂತು.

ಸಾಲು ನಾಲ್ಕು ಹಿಂದೆ ಬಿದ್ದಿರುವುದು ಬೇರೆ ಕಾಯಿಲೆ. ಮೇಲೆಲ್ಲೋ ಐದು ಸಾಲಿನ ಕಾಮೆಂಟ್ ಇರಬೇಕು, ನೋಡು. ನಿನ್ನ ಲೆಕ್ಸರ್ ಆ ಕಾಮೆಂಟನ್ನು ಒಂದೇ ಗುಟುಕಿಗೆ ನುಂಗುತ್ತದೆ. ಒಳಗಿದ್ದ ನಾಲ್ಕು ನ್ಯೂಲೈನ್‌ಗಳು ಟೋಕನ್ ಆಗುವುದೇ ಇಲ್ಲ, ಯಾರೂ ಅವನ್ನು ಎಣಿಸುವುದೂ ಇಲ್ಲ. ಹಲವು ಸಾಲಿನ ಸ್ಟ್ರಿಂಗ್ ಇದ್ದರೂ ಇದೇ ಕಥೆ.

ಕಾಮೆಂಟ್ ಕೋಡಿನೊಳಗೆ ಇನ್ನೊಂದು "ಸಾಲು ಏರಿಸು" ಅಂತ ತುರುಕಬೇಡ, ದಯವಿಟ್ಟು. ಇವತ್ತು ಕಾಮೆಂಟ್, ನಾಳೆ ಸ್ಟ್ರಿಂಗ್, ನಾಡಿದ್ದು ಇನ್ನೊಂದು. ಲೆಕ್ಸರ್ ಒಳಗೆ ಸಾಲು, ಕಾಲಂ ಲೆಕ್ಕವನ್ನೇ ತೆಗೆದುಹಾಕು. ಪ್ರತಿ ಟೋಕನ್‌ಗೂ ಎರಡೇ ಸಂಖ್ಯೆ ಇಡು: ಫೈಲಿನ ಶುರುವಿನಿಂದ ಎಷ್ಟನೇ ಜಾಗದಲ್ಲಿ ಶುರು, ಎಷ್ಟನೇ ಜಾಗಕ್ಕೆ ಮುಗಿಯಿತು. ಆಫ್‌ಸೆಟ್ ಅನ್ನುತ್ತಾರಲ್ಲ, ಅದು. ಸಾಲು, ಕಾಲಂ ಬೇಕಾಗುವುದು ಮನುಷ್ಯರಿಗೆ ತೋರಿಸುವಾಗ ಮಾತ್ರ. ಆಗ ಲೆಕ್ಕ ಹಾಕಿದರೆ ಸಾಕು.

ತುಮಕೂರಿಂದ ಬೆಂಗಳೂರಿಗೆ ರೈಲಲ್ಲಿ ಹೋಗುತ್ತೀಯಲ್ಲ. ಹೊರಟು ಎಷ್ಟು ಕಿಲೋಮೀಟರ್ ಆಯಿತು ಅನ್ನುವುದು ಒಂದೇ ಗೊತ್ತಿದ್ದು, ಕ್ಯಾತ್ಸಂದ್ರ, ಹಿರೇಹಳ್ಳಿ, ದೊಡ್ಡಬೆಲೆ ಎಷ್ಟೆಷ್ಟು ದೂರ ಅನ್ನುವ ಪಟ್ಟಿ ಕೈಯಲ್ಲಿದ್ದರೆ ಯಾವ ಸ್ಟೇಷನ್ ದಾಟಿ ಎಷ್ಟು ದೂರ ಬಂದಿದ್ದೀಯ ಅಂತ ತಕ್ಷಣ ಹೇಳಬಹುದು. ಇಲ್ಲಿ ಆ ಪಟ್ಟಿ ಅಂದರೆ ಪ್ರತಿ ಸಾಲು ಶುರುವಾಗುವ ಆಫ್‌ಸೆಟ್. ಫೈಲ್ ಓದಿದ ಕೂಡಲೇ ಒಂದು ಸಲ ಮಾಡಿಟ್ಟುಕೋ. ಪಟ್ಟಿ 0, 20, 40 ಅಂತಿದೆ ಅಂದುಕೋ, ಎರರ್ ಆಫ್‌ಸೆಟ್ 36. ಪೈಥಾನ್‌ನ ಬೈಸೆಕ್ಟ್ ಮಾಡ್ಯೂಲಿನ ಬಲಬದಿಯ ಹುಡುಕಾಟಕ್ಕೆ (bisect_right) ಕೊಟ್ಟರೆ 2 ಅನ್ನುತ್ತದೆ. ಅದೇ ಸಾಲಿನ ನಂಬರ್, ಒಂದು ಕೂಡಿಸುವುದೂ ಬೇಡ. 36ರಲ್ಲಿ 20 ಕಳೆದರೆ 16, ಒಂದು ಸೇರಿಸಿದರೆ ಕಾಲಂ 17. ಮುಗಿಯಿತು.

ದೊಡ್ಡ ಕಂಪೈಲರ್‌ಗಳೂ ಹೀಗೇ ಮಾಡುತ್ತವೆ. ಸಿ ಭಾಷೆಯ ಕಂಪೈಲರ್ ಕ್ಲ್ಯಾಂಗ್ ಒಂದು ಜಾಗವನ್ನು 32 ಬಿಟ್‌ನ ಒಂದೇ ಸಂಖ್ಯೆಯಲ್ಲಿ ಇಟ್ಟುಕೊಳ್ಳುತ್ತದೆ. ಗೋ ಭಾಷೆಯ ಪಾರ್ಸರ್ ಕೊಡುವ ನೋಡ್‌ಗಳಲ್ಲೂ ಇರುವುದು ಒಂದು ಪೂರ್ಣಾಂಕ, ಸಾಲು ಬೇಕಾದಾಗ ಫೈಲ್‌ಗಳ ಪಟ್ಟಿಯನ್ನು ಕೇಳಬೇಕು.

ಇನ್ನೊಂದು. ಫೈಲನ್ನು ಟೆಕ್ಸ್ಟ್ ಆಗಿ ಓದು, ಪೈಥಾನ್ ಆಗ ಯೂನಿಕೋಡ್ ಚಿಹ್ನೆಗಳನ್ನು ಎಣಿಸುತ್ತದೆ, ನಿನ್ನ ಎಡಿಟರ್ ಹೇಳುವ 17ಕ್ಕೆ ತಾಳೆಯಾಗುತ್ತದೆ. ಪೈಥಾನ್‌ನದೇ ಎಎಸ್‌ಟಿ ಮಾಡ್ಯೂಲ್ (ಕೋಡಿನ ರಚನೆಯನ್ನು ಮರದ ರೂಪದಲ್ಲಿ ಕೊಡುವುದು) ನೋಡಿ ನಕಲು ಮಾಡುವುದಾದರೆ ಹುಷಾರು: ಅಲ್ಲಿ ಸಾಲು 1ರಿಂದ ಶುರು, ಕಾಲಂ 0ಯಿಂದ ಶುರು, ಆ ಕಾಲಂ ಕೂಡ ಯುಟಿಎಫ್-8 ಬೈಟ್ ಲೆಕ್ಕ. ಇಂಗ್ಲಿಷ್ ಕೋಡ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಕನ್ನಡ ಬಂದ ಕೂಡಲೇ ಬಯಲಾಗುತ್ತದೆ.

ಪ್ರಶ್ನೆ (ತಿಪಟೂರು, ಕೊಬ್ಬರಿ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುವವರು)

ಮೇಡಂ, ಇಲ್ಲೇ ನನ್ನದೂ ಒಂದು ಕೇಳಿಬಿಡುತ್ತೇನೆ. ಕಮಿಷನ್, ಹಮಾಲಿ ಲೆಕ್ಕದ ಸೂತ್ರಗಳನ್ನು ಗಿರಾಕಿಗಳೇ ಒಂದು ಫೈಲಿನಲ್ಲಿ ಬರೆಯುತ್ತಾರೆ, ನಮ್ಮ ಪಾರ್ಸರ್ ಓದುತ್ತದೆ. ತಪ್ಪಿದ್ದರೆ ಆ ಸಾಲು ತೋರಿಸಿ ಕೆಳಗೆ ಬಾಣದ ಗುರುತು ಹಾಕುತ್ತೇವೆ. ಟ್ಯಾಬ್ ಬಳಸಿದವರ ಫೈಲಿನಲ್ಲಿ ಬಾಣ ಎಲ್ಲೋ ಹೋಗಿ ಬೀಳುತ್ತದೆ. ವಿಂಡೋಸ್‌ನಲ್ಲಿ ಬರೆದ ಫೈಲ್ ಬಂದರೆ ಏನಾದರೂ ನೋಡಿಕೊಳ್ಳಬೇಕಾ?

ಉತ್ತರ

ಸರ್, ಟ್ಯಾಬ್ ಎಣಿಕೆಯಲ್ಲಿ ಒಂದು, ಪರದೆಯಲ್ಲಿ ನಾಲ್ಕೋ ಎಂಟೋ ಜಾಗ. ಬಾಣದ ಮುಂದೆ ಬರೀ ಸ್ಪೇಸ್ ಹಾಕಬೇಡಿ. ತಪ್ಪಿರುವ ಜಾಗದವರೆಗಿನ ತುಂಡನ್ನು ನಕಲು ಮಾಡಿ, ಅದರಲ್ಲಿ ಟ್ಯಾಬ್ ಇದ್ದಲ್ಲಿ ಟ್ಯಾಬ್ ಹಾಗೇ ಬಿಟ್ಟು, ಉಳಿದದ್ದಕ್ಕೆಲ್ಲ ಸ್ಪೇಸ್ ಹಾಕಿ, ಆಮೇಲೆ ಬಾಣ. ಅವರ ಪರದೆಯಲ್ಲಿ ಟ್ಯಾಬ್ ಎಷ್ಟೇ ಅಗಲ ಇರಲಿ, ಎರಡೂ ಸಾಲು ಒಟ್ಟಿಗೇ ಸರಿಯುತ್ತವೆ. ಕಾಲಂ ನಂಬರ್ ಬಗ್ಗೆ ದೊಡ್ಡವರೂ ಮನಸ್ಸು ಬದಲಿಸಿದ್ದಾರೆ: ಜಿಸಿಸಿ ಅನ್ನುವ ಕಂಪೈಲರ್ 11ನೇ ಆವೃತ್ತಿಗಿಂತ ಮೊದಲು ಬೈಟ್ ಎಣಿಸುತ್ತಿತ್ತು, 11ರಿಂದ ಪರದೆಯ ಅಗಲವನ್ನು ಎಣಿಸುತ್ತದೆ.

ಆದರೆ ಸಾಲಿನಲ್ಲಿ ಕನ್ನಡ ಇದ್ದರೆ ಬಾಣವನ್ನೇ ನಂಬಬೇಡಿ. ನಮ್ಮ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲ, ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಬೇರೆ. ನಾನಾದರೆ ತಪ್ಪಾದ ಪದವನ್ನೇ ಬಣ್ಣದಲ್ಲಿ ತೋರಿಸುತ್ತೇನೆ. ಬಣ್ಣ ಬರದ ಕಡೆ ಕೆಳಗೆ "ಇಲ್ಲಿ: ಮೊತ" ಅಂತ ಪದವನ್ನೇ ಮತ್ತೆ ಬರೆಯುತ್ತೇನೆ. ಓದುವವರಿಗೆ ಬೇಕಿರುವುದೂ ಅದೇ ಅಲ್ವಾ.

ವಿಂಡೋಸ್ ಫೈಲಿನಲ್ಲಿ ಸಾಲಿನ ಕೊನೆಗೆ ಒಂದರ ಬದಲು ಎರಡು ಬೈಟ್ ಇರುತ್ತವೆ. ಪೈಥಾನ್ ಟೆಕ್ಸ್ಟ್ ಆಗಿ ಓದುವಾಗ ಸದ್ದಿಲ್ಲದೆ ಅದನ್ನು ಒಂದು ಮಾಡುತ್ತದೆ. ಸಾಲು, ಕಾಲಂ ಸರಿಯಾಗೇ ಬರುತ್ತದೆ, ಆಫ್‌ಸೆಟ್ ಮಾತ್ರ ಸಾಲಿಗೊಂದರಂತೆ ಹಿಂದೆ ಬೀಳುತ್ತದೆ. 200ನೇ ಸಾಲಿಗೆ ಬರುವ ಹೊತ್ತಿಗೆ 199 ಕಡಿಮೆ. ಬರೀ ತೋರಿಸುವುದಾದರೆ ಪರವಾಗಿಲ್ಲ. ಆ ಆಫ್‌ಸೆಟ್ ಹಿಡಿದು ಮೂಲ ಫೈಲ್ ತಿದ್ದಲು ಹೋದರೆ ಕೆಟ್ಟಿತು. ಫೈಲ್ ತೆರೆಯುವಾಗ ನ್ಯೂಲೈನ್ ಅನ್ನುವ ಆಯ್ಕೆಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಇದ್ದದ್ದು ಇದ್ದ ಹಾಗೇ ಬರುತ್ತದೆ. ಸಾಲು ಒಡೆಯಲು ಪೈಥಾನ್‌ನ ಸ್ಪ್ಲಿಟ್‌ಲೈನ್ಸ್ ಬಳಸಬೇಡಿ, ಅದು ಪುಟ ಮುರಿಯುವ ಚಿಹ್ನೆಯಂಥವನ್ನೂ ಸಾಲಿನ ಕೊನೆ ಅಂದುಕೊಳ್ಳುತ್ತದೆ. ಎಡಿಟರ್ ಹಾಗೆ ಅಂದುಕೊಳ್ಳದಿದ್ದರೆ ಇಬ್ಬರ ನಂಬರೂ ಬೇರೆಯಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹಿಂದೆ ನಾನಿದ್ದ ಒಂದು ಕಡೆ ತಪ್ಪನ್ನು ತಾನೇ ತಿದ್ದುವ ಟೂಲ್ ಮಾಡಿದ್ದೆವು. ಪಾರ್ಸರ್ ಕೊಟ್ಟಿದ್ದು ಬೈಟ್ ಲೆಕ್ಕ, ತಿದ್ದುವ ಕೋಡ್ ಅದನ್ನು ಚಿಹ್ನೆ ಲೆಕ್ಕ ಅಂದುಕೊಂಡಿತು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಒಂದು ದಿನ ಮೇಲಿನ ಕಾಮೆಂಟ್‌ನಲ್ಲಿ ಯಾರೋ ಕನ್ನಡದಲ್ಲಿ ಊರಿನ ಹೆಸರು ಬರೆದಿದ್ದರು. ಟೂಲ್ ತಪ್ಪಿದ್ದ ಸಾಲಿನ ಕೆಳಗಿನ ಸರಿಯಾದ ಸಾಲನ್ನು ಅಳಿಸಿ ತಪ್ಪನ್ನು ಹಾಗೇ ಬಿಟ್ಟಿತ್ತು. ಅವತ್ತಿನಿಂದ ಆಫ್‌ಸೆಟ್ ಇಡುವ ಪ್ರತಿ ವೇರಿಯಬಲ್‌ನ ಹೆಸರಿನಲ್ಲೇ ಬೈಟ್ ಅಥವಾ ಚಿಹ್ನೆ ಅಂತ ಬರೆಯುತ್ತೇನೆ.

ಪ್ರಶ್ನೆ (ಶಿರಾ)

ಅಕ್ಕಾ, ನಾನು ಎಡಿಟರ್‌ಗೆ ಪ್ಲಗಿನ್ ಮಾಡುತ್ತಿದ್ದೇನೆ, ಎಡಿಟರ್‌ಗೂ ಭಾಷೆಯ ಟೂಲ್‌ಗೂ ಮಾತುಕತೆ ನಡೆಸುವ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಬಳಸಿ. ಕನ್ನಡ ಸ್ಟ್ರಿಂಗ್ ಇದ್ದರೆ ಕೆಂಪು ಗೆರೆ ಸರಿಯಾಗಿ ಬರುತ್ತದೆ. ಎಮೋಜಿ ಇದ್ದರೆ ಮಾತ್ರ ಅದರ ಮುಂದಿನ ಗೆರೆಯೆಲ್ಲ ಒಂದು ಜಾಗ ಎಡಕ್ಕೆ ಸರಿಯುತ್ತದೆ. ಏಕೆ?

ಉತ್ತರ

ಆ ಪ್ರೋಟೋಕಾಲ್ ಸಾಲು, ಕಾಲಂ ಎರಡನ್ನೂ 0ಯಿಂದ ಎಣಿಸುತ್ತದೆ, ಕಾಲಂ ಅನ್ನು ಯುಟಿಎಫ್-16 ಲೆಕ್ಕದಲ್ಲಿ (16 ಬಿಟ್‌ನ ತುಂಡು ಒಂದು ಯೂನಿಟ್) ಕೇಳುತ್ತದೆ. ಕನ್ನಡದ ಚಿಹ್ನೆಗಳೆಲ್ಲ ಅಲ್ಲಿ ಒಂದೊಂದೇ ಯೂನಿಟ್, ನಿನ್ನ ಲೆಕ್ಕ ಹೊಂದಿಕೊಂಡಿತು. ಸಾಮಾನ್ಯವಾಗಿ ಎಮೋಜಿ ಒಂದಕ್ಕೆ ಎರಡು ಯೂನಿಟ್. ನೀನು ಒಂದು ಅಂತ ಕಳಿಸುತ್ತಿದ್ದೀಯ. 3.17ನೇ ಆವೃತ್ತಿಯಿಂದ ಬೇರೆ ಲೆಕ್ಕ ಬಳಸೋಣ ಅಂತ ಎಡಿಟರ್ ಜೊತೆ ಶುರುವಿನಲ್ಲೇ ಮಾತಾಡಿಕೊಳ್ಳಬಹುದು, ಆದರೂ ಎಡಿಟರ್ ಒಪ್ಪದಿದ್ದರೆ ಯುಟಿಎಫ್-16ಕ್ಕೇ ಬರಬೇಕು. ಒಳಗೆ ಆಫ್‌ಸೆಟ್ ಇಡು, ಕಳಿಸುವಾಗ ಆ ಒಂದು ಸಾಲನ್ನು ಮಾತ್ರ ಎಣಿಸಿ ಬದಲಿಸು.

ಮತ್ತೆ ತುಮಕೂರಿನ ಹುಡುಗ

ಅಕ್ಕಾ, 23, 17 ಬಂತು! ಕಾಮೆಂಟ್ ಐದೇ ಸಾಲಿನದು, ನೀವು ಹೇಳಿದ ಹಾಗೇ. ಆದರೆ ಟೆಕ್ಸ್ಟ್‌ಗೆ ಬದಲಿಸಿ, ಹೆಸರು ಹಿಡಿಯಲು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು (ಪದದ ಭಾಗವಾಗುವ ಯಾವುದೇ ಚಿಹ್ನೆ ಅನ್ನುವ ಗುರುತು) ಹಾಕಿದೆ. ಈಗ "ಬರೆ" ಅನ್ನುವುದು "ಬರ" ಅಂತ ಕತ್ತರಿಸಿ ಬರುತ್ತದೆ, ಎತ್ವ ಒಂಟಿಯಾಗಿ ಉಳಿಯುತ್ತದೆ. ಇನ್ನೊಂದು, ಸೆಮಿಕೋಲನ್ ಮರೆತರೆ ಎರರ್ ಮೂರು ಸಾಲು ಕೆಳಗೆ ತೋರಿಸುತ್ತದೆ.

ಉತ್ತರ

ಪೈಥಾನ್‌ನ ಆ ಗುರುತು ನಮ್ಮ ಗುಣಿತದ ಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಪದದ ಭಾಗ ಅನ್ನುವುದಿಲ್ಲ. ಕನ್ನಡದ ಇಡೀ ಯೂನಿಕೋಡ್ ಬ್ಲಾಕನ್ನೇ ಸೇರಿಸು, ದಶಮಾನದಲ್ಲಿ 3200ರಿಂದ 3327. ಜೊತೆಗೆ 8204, 8205 ಕೂಡ. "ಸಾಫ್ಟ್‌ವೇರ್" ಅಂತ ಬರೆಯುವಾಗ ಟ ಮತ್ತು ವ ಕೂಡಿಕೊಳ್ಳದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವಲ್ಲ, ಅದೇ 8204. ಕಾಣುವುದಿಲ್ಲ, ಆದರೆ ಎಣಿಕೆಗೆ ಬರುತ್ತದೆ. ಹೆಸರು ಹೋಲಿಸಲು ಅಕ್ಷರಗಳನ್ನು ಒಂದೇ ರೂಪಕ್ಕೆ ತರುವುದಿದ್ದರೆ ಟೋಕನ್ ಮಾಡಿದ ಮೇಲೆ ಮಾಡು. "ಕೋ" ಎರಡು ಚಿಹ್ನೆಯಲ್ಲೂ ಇರಬಹುದು, ನಾಲ್ಕರಲ್ಲೂ ಇರಬಹುದು. ಮೊದಲೇ ಬದಲಿಸಿದರೆ ಆಫ್‌ಸೆಟ್ ಎಲ್ಲ ಜಾರುತ್ತದೆ.

ಸೆಮಿಕೋಲನ್ ಇಲ್ಲ ಅಂತ ಪಾರ್ಸರ್‌ಗೆ ತಿಳಿಯುವುದು ಮುಂದಿನ ಟೋಕನ್ ನೋಡಿದಾಗ. ನಡುವೆ ಖಾಲಿ ಸಾಲು, ಕಾಮೆಂಟ್ ಇದ್ದರೆ ಆ ಟೋಕನ್ ದೂರದಲ್ಲಿರುತ್ತದೆ. ಅದಕ್ಕೇ "ಇಲ್ಲ" ಅನ್ನುವ ಎರರ್‌ಗಳಿಗೆಲ್ಲ ಹಿಂದಿನ ಟೋಕನ್ ಮುಗಿದ ಜಾಗ ಕೊಡು.

ರಿವ್ಯೂಗೆ ಮೊದಲು ಒಂದು ಪರೀಕ್ಷೆ ಹಾಕು. ಪ್ರತಿ ಟೋಕನ್‌ನ ಶುರುವಿನಿಂದ ಕೊನೆಯವರೆಗೆ ಮೂಲ ಫೈಲಿನಿಂದ ಕತ್ತರಿಸಿ ತೆಗೆದರೆ ಆ ಟೋಕನ್‌ನ ಪಠ್ಯವೇ ಸಿಗಬೇಕು, ಒಂದು ಚಿಹ್ನೆಯೂ ಹೆಚ್ಚುಕಮ್ಮಿ ಆಗಬಾರದು. ಕನ್ನಡ, ಎಮೋಜಿ, ಟ್ಯಾಬ್, ವಿಂಡೋಸ್ ಫೈಲ್, ಖಾಲಿ ಫೈಲ್, ಎಲ್ಲದರ ಮೇಲೂ ಓಡಿಸು.

ತುಮಕೂರಿನ ಹುಡುಗ

ಓಡಿಸಿದೆ ಅಕ್ಕಾ. ಎಲ್ಲ ಪಾಸ್, ಸ್ಟ್ರಿಂಗ್ ಟೋಕನ್ ಮಾತ್ರ ಫೇಲ್. ಟೋಕನ್‌ನಲ್ಲಿ ತುಮಕೂರು ಅಂತಿದೆ, ಫೈಲಿನಿಂದ ಕತ್ತರಿಸಿದರೆ ಕೋಟ್ ಸಮೇತ ಬರುತ್ತದೆ.

ಉತ್ತರ

ಕೋಟ್ ತೆಗೆದು ಸಿಗುವ ಮೌಲ್ಯ (ವ್ಯಾಲ್ಯೂ) ಬೇರೆ, ಫೈಲಿನಲ್ಲಿ ಬರೆದಿದ್ದ ರೂಪ ಬೇರೆ. ಎರಡನ್ನೂ ಟೋಕನ್‌ನಲ್ಲಿ ಬೇರೆ ಬೇರೆ ಇಡು, ಪರೀಕ್ಷೆಗೆ ಬರೆದ ರೂಪವನ್ನೇ ಹೋಲಿಸು.