ಸಹಾಯ ಬೇಕು: ಬೇಸ್ಮೆಂಟಲ್ಲಿ ಗಾಡಿ ರಿವರ್ಸ್ ಹಾಕ್ಲಾ, ಮೂತಿ ಮುಂದೆ ಮಾಡಿ ನುಗ್ಗಿಸ್ಲಾ?

ಎಲ್ರಿಗೂ ನಮಸ್ಕಾರ. ನಮ್ದು ವ್ಯಾಗನಾರ್, ಬೆಂಗ್ಳೂರಲ್ಲಿ ಅಪಾರ್ಟ್‌ಮೆಂಟು, ಬೇಸ್ಮೆಂಟಲ್ಲಿ ನಂಗೆ ಸಿಕ್ಕಿರೋ ಸ್ಲಾಟಿಗೆ ಎಡಕ್ಕೆ ಪಿಲ್ಲರ್, ಬಲಕ್ಕೆ ಪಕ್ಕದ್ಮನೆಯವ್ರ ದೊಡ್ಡ ಎಸ್‌ಯುವಿ, ಎದುರಿಗೆ ಬೈಕ್‌ಗಳ ಸಾಲು. ಇಷ್ಟ್ ದಿನ ರಿವರ್ಸಲ್ಲೇ ಹಾಕ್ತಿದ್ದೆ, ತಿರುಗೋದು ಮುಂದಿನ ಚಕ್ರ ತಾನೇ, ಹಿಂಭಾಗ ಒಳಗೆ ಸೇರಿದ್ಮೇಲೆ ಮೂತಿನ ಆರಾಮಾಗಿ ನೇರ ಮಾಡ್ಕೋಬಹುದು, ಬೆಳಿಗ್ಗೆ ಹೊರಡುವಾಗ ಮಕ್ಳು ಸೈಕಲ್ಲಲ್ಲಿ ಅಡ್ಡ ಬಂದ್ರೂ ಕಣ್ಣಿಗೆ ಬೀಳತ್ತೆ.

ಈಗ ಅಸೋಸಿಯೇಷನ್ನವ್ರು ಬೋರ್ಡ್ ಹಾಕಿದಾರೆ, ರಿವರ್ಸ್ ಪಾರ್ಕಿಂಗ್ ಬೇಡ, ಹೊಗೆಯಿಂದ ಗೋಡೆ ಕಪ್ಪಾಗತ್ತೆ ಅಂತ. ಕಪ್ಪಾಗಿರೋದು ನಿಜಾನೇ ಬಿಡಿ, ಸೈಲೆನ್ಸರ್ ಎತ್ತರಕ್ಕೆ ಸರಿಯಾಗಿ ದೋಸೆ ಕಾವಲಿ ಅಷ್ಟಗಲ ಮಸಿ. ಅದಕ್ಕೇ ಒಂದ್ವಾರದಿಂದ ಮೂತಿ ಮುಂದೆ ಹಾಕ್ತಿದೀನಿ, ಒಳಗೆ ಹೋಗಕ್ಕೆ ನಾಲ್ಕ್ ಸಲ ಹಿಂದೆ ಮುಂದೆ, ಮೊನ್ನೆ ಎಡಗಡೆ ಹಿಂದಿನ ಡೋರು ಪಿಲ್ಲರಿಗೆ ಸವರಿ ಉದ್ದಕ್ಕೆ ಗೀಚು ಬಿತ್ತು. ತಿರುಗುವಾಗ ಹಿಂದಿನ ಚಕ್ರ ಒಳಗಡೆಗೆ ಎಳ್ಕೊಂಡ್ ಬರತ್ತೆ ಅನ್ನೋದೇ ಮರ್ತಿದ್ದೆ.

2019 ಜುಲೈ ನಂತರದ ಹೊಸ ಗಾಡಿಗಳಿಗೆ ಹಿಂದೆ ಸೆನ್ಸರ್ ಕಂಪಲ್ಸರಿ, ನಂದು 2016ರದ್ದು, ಕನ್ನಡಿನೇ ಗತಿ.

ಹಳೇ ಗಾಡಿಗೆ ಸೆನ್ಸರೋ ಕ್ಯಾಮೆರಾನೋ ಹಾಕ್ಸಿದವ್ರು ಹೇಳಿ, ಯಾವ್ದು ಉಪಯೋಗ ಆಯ್ತು, ವೈರಿಂಗ್ ಕಟ್ ಮಾಡ್ದೆ ಆಗತ್ತಾ? ಗೋಡೆಗೆ ಟೈಲ್ಸ್ ಹಾಕ್ಸಿಯೋ ಇನ್ನೇನೋ ಮಾಡಿ ಅಸೋಸಿಯೇಷನ್ ಒಪ್ಪಿಸಿದವ್ರು ಯಾರಾದ್ರೂ ಇದೀರಾ? ಇಲ್ಲಾಂದ್ರೆ ಮುಂದಿಂದ ಹಾಕೋರು ಪಿಲ್ಲರ್ ಎಲ್ಲಿಗ್ ಬಂದಾಗ ಸ್ಟೇರಿಂಗ್ ತಿರುಗಿಸ್ತೀರಾ ಅಂತಾದ್ರೂ ಹೇಳ್ಕೊಡಿ, ಬೇಗ. ಮನೆಯವ್ರಿಗೆ ಗೀಚು ಇನ್ನೂ ತೋರ್ಸಿಲ್ಲ.