ಸಹಾಯ ಬೇಕು: ಹಿಮೋಫಿಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ), ಹಲ್ಲು ಕಿತ್ತ 4ನೇ ದಿನ ಮತ್ತೆ ರಕ್ತ

ರೋಗಿ 60 ಕೆಜಿ, ಫ್ಯಾಕ್ಟರ್ 8 (ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನ್) ಮಟ್ಟ 3%. ಕೆಳದವಡೆಯ ಮೊದಲ ದವಡೆಹಲ್ಲು ಕೀಳುವ ಮುಂಚೆ ಫ್ಯಾಕ್ಟರ್ 8 1500 ಯೂನಿಟ್ ಕೊಟ್ಟು, ಆಮೇಲೆ ಬ್ಲಾಕ್ (ದವಡೆಯ ನರ ಮರಗಟ್ಟಿಸೋ ಇಂಜೆಕ್ಷನ್) ಹಾಕಿದ್ದು. ಹಲ್ಲಿನ ಗುಳಿಯೊಳಗೆ ಸರ್ಜಿಸೆಲ್ (ರಕ್ತ ನಿಲ್ಲಿಸೋ, ತಾನೇ ಕರಗೋ ಬಟ್ಟೆ), ಮೇಲೆ ಹೊಲಿಗೆ. ಟ್ರಾನೆಕ್ಸಮಿಕ್ (ಹೆಪ್ಪು ಕರಗದಂತೆ ತಡೆಯೋ ಔಷಧಿ) ಮಾತ್ರೆ 1 ಗ್ರಾಂ ದಿನಕ್ಕೆ ಮೂರು ಸಲ. ಜೊತೆಗೆ ಅದೇ ಔಷಧಿಯ 500 ಮಿಗ್ರಾಂ ಮಾತ್ರೆ ಪುಡಿಮಾಡಿ 10 ಮಿಲೀ ನೀರಲ್ಲಿ ಬಾಯಿ ಮುಕ್ಕಳಿಸೋದು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ರಕ್ತಸ್ರಾವ ಹೆಚ್ಚಿಸಬಹುದಾದ ಬ್ರೂಫೆನ್ ಮುಟ್ಟಿಸಿಲ್ಲ.

ಇವತ್ತು ಗುಳಿಯಿಂದ ಕುರಿಯ ಲಿವರ್ ತುಂಡಿನಂಥ ಕಪ್ಪು ಹೆಪ್ಪು ಉಬ್ಬಿ ನಿಂತಿದೆ, ಅಂಚಲ್ಲಿ ಜಿನುಗ್ತಿದೆ. ಹೆಪ್ಪು ತೆಗೆದು, ತೊಳೆದು, ಹೊಸದಾಗಿ ಪ್ಯಾಕ್ ಮಾಡಿ, ಫ್ಯಾಕ್ಟರ್ 8 ಇನ್ನೊಂದು 1500 ಯೂನಿಟ್ ಕೊಟ್ಟಾಯ್ತು. ಲೆಕ್ಕದ ಪ್ರಕಾರ ಫ್ಯಾಕ್ಟರ್ 8 ಮಟ್ಟ 50%ರ ಆಸುಪಾಸು ಬರಬೇಕಿತ್ತು. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಬರೀ 22%. ಇನ್‌ಹಿಬಿಟರ್ (ಕೊಟ್ಟ ಫ್ಯಾಕ್ಟರ್ 8 ಅನ್ನು ನಿಷ್ಫಲ ಮಾಡೋ ಪ್ರತಿಕಾಯ) ಇರಬಹುದಾ ಅನ್ನೋ ಅನುಮಾನ. ಅದನ್ನು ಅಳೆಯೋ ಬೆಥೆಸ್ಡಾ ಪರೀಕ್ಷೆಯ ರಿಪೋರ್ಟ್ ನಾಳೆ ಸಂಜೆಗೆ.

ಹೆಮಟಾಲಜಿಯವರು (ರಕ್ತರೋಗ ತಜ್ಞರು) ಹೇಳಿ: ಅಲ್ಲೀವರೆಗೆ ಫ್ಯಾಕ್ಟರ್ 8 ಡೋಸನ್ನೇ ಏರಿಸೋದಾ, ಈಗಲೇ ಫ್ಯಾಕ್ಟರ್ 7ಎಗೆ (ಫ್ಯಾಕ್ಟರ್ 8 ಇಲ್ಲದೆಯೂ ರಕ್ತ ಹೆಪ್ಪುಗಟ್ಟಿಸೋ ಔಷಧಿ) ಹೋಗೋದಾ?